ಮೊಳೆ ತರಲು ಹೋದ ದಿನ

ಈರುಳ್ಳಿಗೆ ಎರಡನೆಯ ಸಲ ಉಪ್ಪು ಹಾಕಿ ಎಲ್ಸಿರಾ ಎರಡೂ ಕೈಯಿಂದ ಕಿವುಚುತ್ತಿದ್ದಳು. ತೆಳ್ಳಗೆ ಉದ್ದುದ್ದ ಹೆಚ್ಚಿದ ಈರುಳ್ಳಿ. ಕಿವುಚಿದಷ್ಟೂ ಹಾಲಿನ ಬಣ್ಣದ ನೀರು ಬಿಡುತ್ತಿತ್ತು. ಆ ನೀರು ಚೆಲ್ಲಿ, ತಣ್ಣೀರು ಹೊಯ್ದು, ಮತ್ತೆ ಹಿಂಡಬೇಕು. ಖಾರ ಪೂರ್ತಿ ಇಳಿಯುವ ಮುಂಚೆ ಟೊಮೆಟೊ ಬೆರೆಸಿಬಿಟ್ಟರೆ ಗಂಡ ಬೆಲಾರ್ಮಿನೊ ಮೊದಲ ತುತ್ತಿಗೇ ಹುಬ್ಬು ಗಂಟಿಕ್ಕುತ್ತಿದ್ದ. "ಮುದುಕಿ, ಇದು ಊಟವೋ ಶಿಕ್ಷೆಯೋ?" ಎನ್ನುತ್ತಿದ್ದ. ಮೂವತ್ತೊಂದು ವರ್ಷ ಕೇಳಿದ ಮಾತು. ಅವನು ಹೋಗಿ ಹನ್ನೊಂದು ವಾರವಾಗಿತ್ತು. ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮೂರು ನೀರು ಆಗುವವರೆಗೂ ಅದು ನಿಲ್ಲುತ್ತಿರಲಿಲ್ಲ.

"ಸಾಕು ಬಿಡೇ. ಆ ಈರುಳ್ಳಿ ನಿನಗೇನು ಮಾಡಿತ್ತು?" ಎಂದಳು ನೋಲ್ಫಾ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ತಂಗಿಗೆ ಸಹಾಯಕ್ಕೆಂದು ಹಿಂದಿನ ದಿನವೇ ತಾಲ್ಕಾದಿಂದ ಬಸ್ಸು ಹತ್ತಿ ಬಂದವಳು.

"ಇನ್ನೊಂದು ನೀರು ಅಕ್ಕ."

ಅವರಿಬ್ಬರೂ ಕೂತಿದ್ದದ್ದು ಮುಂದೆ ಅಡುಗೆಮನೆ ಆಗಬೇಕಾಗಿದ್ದ ಜಾಗದಲ್ಲಿ. ಸದ್ಯಕ್ಕೆ ಅದು ಮರದ ಚೌಕಟ್ಟು, ಅಷ್ಟೆ. ಗೋಡೆಯ ಹಲಗೆಗಳನ್ನು ಇನ್ನೂ ಹೊಡೆದಿರಲಿಲ್ಲ. ಕಂಬಗಳ ನಡುವಿನಿಂದ ಕೆಳಗೆ ಮತಾಕಿತೊ ನದಿಯೂ ಅದರಾಚೆ ನವೆಂಬರಿನ ಹಸಿರು ಗದ್ದೆಗಳೂ ಕಾಣುತ್ತಿದ್ದವು. ತಲೆಯ ಮೇಲೆ ಒಂಬತ್ತು ಜೊತೆ ಮರಗಳು ಕತ್ತರಿಯಂತೆ ನೆತ್ತಿಯಲ್ಲಿ ಕೂಡಿ ನಿಂತಿದ್ದವು. ಅವುಗಳ ಮೇಲೆ ಹೊದಿಕೆಯಿಲ್ಲ, ಬರೀ ಆಕಾಶ. ಕೊನೆಯ ಕತ್ತರಿಯನ್ನು ಏರಿಸಿದ್ದು ಗುರುವಾರ. ಅದೇ ಸಂಜೆ ಕೆಲಸದವರು ನೆತ್ತಿಗೆ ಬೋಲ್ದೊ ಮರದ ಟೊಂಗೆಯನ್ನೂ ಒಂದು ಪುಟ್ಟ ಬಾವುಟವನ್ನೂ ಕಟ್ಟಿ, ಏನೂ ಹೇಳದೆ ಮನೆಗೆ ಹೋಗಿದ್ದರು. ಹೇಳಬೇಕಾಗಿಯೂ ಇರಲಿಲ್ಲ. ಟೊಂಗೆ ಏರಿತೆಂದರೆ ಯಜಮಾನ ಬೆಂಕಿ ಹಾಕಿ, ಮಾಂಸ ಸುಟ್ಟು, ವೈನು ತರಿಸಿ, ಕಟ್ಟಿದವರಿಗೆಲ್ಲ ಹೊಟ್ಟೆ ತುಂಬ ತಿಹೆರಾಲೆಸ್ ಊಟ ಹಾಕಬೇಕು. ಹಾಕದಿದ್ದರೆ ಆ ಮನೆಗೂ ಒಳ್ಳೆಯದಲ್ಲ, ಯಜಮಾನನ ಹೆಸರಿಗೂ ಒಳ್ಳೆಯದಲ್ಲ.

ಬೆಲಾರ್ಮಿನೊ ಒಮ್ಮೆ ಊಟ ಹಾಕದ ಒಬ್ಬ ಜಿಪುಣ ದ್ರಾಕ್ಷಿ ತೋಟದವನ ಮನೆಯ ನೆತ್ತಿಗೆ ಹಳೇ ಪ್ಯಾಂಟು ಅಂಗಿಗೆ ಹುಲ್ಲು ತುಂಬಿದ ಬೊಂಬೆಯನ್ನು ನೇತುಹಾಕಿ ಬಂದಿದ್ದ. ಮೂರು ವಾರ ಊರೆಲ್ಲ ನೋಡಿ ನಕ್ಕಿತ್ತು. ಆ ಕತೆಯನ್ನು ಅವನು ಹೇಳುವಾಗ ಬೊಂಬೆ ಪ್ರತಿ ಸಲ ಸ್ವಲ್ಪ ದಪ್ಪವಾಗುತ್ತಿತ್ತು, ಯಜಮಾನ ಸ್ವಲ್ಪ ಕುಳ್ಳಗಾಗುತ್ತಿದ್ದ. ತನ್ನ ಮನೆಯ ಟೊಂಗೆ ಊಟ ಕಾಣದೆ ಒಣಗಿತೆಂದರೆ ಅವನು ಗೋರಿಯಲ್ಲೂ ಮಗ್ಗುಲು ಬದಲಿಸುವವನೇ. ಅದಕ್ಕೇ ಎಲ್ಸಿರಾ ಈ ಊಟಕ್ಕೆ ಒಪ್ಪಿದ್ದು. ಊಟ ಹಾಕಿ ಋಣ ತೀರಿಸಿ ಹೊರಟುಬಿಡುವುದು.

"ಹೇಳಲೇನೇ ಅವರಿಗೆ?" ನೋಲ್ಫಾ ಸಿಪ್ಪೆಯಿಂದ ಕಣ್ಣೆತ್ತದೆ ಕೇಳಿದಳು. "ಮನೆ ಕೊಳ್ತೀವಿ ಅಂದ ಆ ಸಾಂತಿಯಾಗೊದವರು ಮತ್ತೆ ಫೋನ್ ಮಾಡಿದ್ರು. ಆ ಹೆಂಗಸಿಗೆ ನದಿ ಕಾಣೋದು ತುಂಬ ಹಿಡಿಸಿದೆಯಂತೆ. ಹೀಗೇ ಕೊಡಿ, ಮಿಕ್ಕಿದ್ದು ನಾವೇ ಮಾಡಿಸ್ಕೋತೀವಿ ಅಂತಾರೆ."

"ತಿಹೆರಾಲೆಸ್ ಮುಗೀಲಿ ಅಂದಿದ್ದೆ."

"ಇವತ್ತು ಮುಗಿಯುತ್ತಲ್ಲ."

"ಮುಗಿದ ಮೇಲೆ ಹೇಳ್ತೀನಿ."

"ನನ್ನ ಹಿಂದಿನ ರೂಮಿಗೆ ಸುಣ್ಣ ಹೊಡೆಸಿದೀನಿ," ಎಂದಳು ನೋಲ್ಫಾ. ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡು, "ನಿನ್ನ ಹೊಲಿಗೆ ಮೆಷಿನ್ ಕಿಟಕಿ ಹತ್ರ ಇಡಬಹುದು. ನಾನೂ ಒಬ್ಬಳೇ ಅಲ್ವೇನೇ," ಎಂದಳು.

ಎಲ್ಸಿರಾ ಮನಸ್ಸಿನಲ್ಲಿ ಆಗಲೇ ಹೂಂ ಅಂದಾಗಿತ್ತು. ಬಡಗಿಯ ಹೆಂಡತಿಗೆ ಕೂರಲು ಮಣೆಯಿಲ್ಲ ಎನ್ನುವ ಹಾಗೆ ಅವಳ ಬಾಳು ಮೂವತ್ತೊಂದು ವರ್ಷ ಬಾಡಿಗೆ ಮನೆಗಳಲ್ಲೇ ಕಳೆದಿತ್ತು. ಈ ಕಣಿವೆಯಲ್ಲಿ ಬೆಲಾರ್ಮಿನೊ ಎತ್ತಿದ ಮನೆಗಳು ಎಷ್ಟೋ. ಭೂಕಂಪದಲ್ಲಿ ಮಣ್ಣಿನ ಮನೆಗಳೆಲ್ಲ ಕುಸಿದ ವರ್ಷ ಅವನು ಭಾನುವಾರವನ್ನೂ ಬಿಡದೆ ಊರವರಿಗೆ ಸೂರು ಮಾಡಿಕೊಟ್ಟಿದ್ದ. ಆ ಚಳಿಗಾಲ ಅವರಿಬ್ಬರು ಮಲಗಿದ್ದದ್ದು ಇನ್ನೊಬ್ಬರ ಕೊಟ್ಟಿಗೆಯಲ್ಲಿ. ಅವಳು ಕೇಳಿ ಕೇಳಿ ಸೋತು, ಕೇಳುವುದನ್ನೇ ಬಿಟ್ಟ ಮೇಲೆ ಅವನು ಈ ಜಾಗಕ್ಕೆ ಮರ ತಂದು ಪೇರಿಸಿದ್ದ. ಈಗ ಮನೆ ಇತ್ತು, ಅವನಿರಲಿಲ್ಲ. ಅವನಿಲ್ಲದ ಮನೆಯಲ್ಲಿ ಒಬ್ಬಳೇ ಕೂತು ನದಿ ನೋಡಲು ಅವಳೇನು ಸಾಂತಿಯಾಗೊದ ಹೆಂಗಸೇ?

ಮೂರನೆಯ ನೀರನ್ನು ಚೆಲ್ಲಿ ಈರುಳ್ಳಿಯನ್ನು ಟೊಮೆಟೊ ಬಟ್ಟಲಿಗೆ ಸುರಿದಳು.

ಹನ್ನೊಂದಕ್ಕೆಲ್ಲ ಮೂವರೂ ಬಂದರು. ಮುಂದೆ ರೊಸಾಮೆಲ್, ಬೆಲಾರ್ಮಿನೊ ಜೊತೆ ಇಪ್ಪತ್ತು ವರ್ಷ ದುಡಿದವನು, ಅವನ ನಂತರ ತಂಡಕ್ಕೆ ಮೇಸ್ತ್ರಿ. ಅವನ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡವಳು ಎಲ್ಸಿರಾ; ಅಂದಿನಿಂದ ಅವನಿಗೆ ಅವಳು ಕೊಮಾದ್ರೆ. ಹಿಂದೆ ಒನೋಫ್ರೆ, ಊರೆಲ್ಲ ಕಡ್ಡಿ ಎಂದು ಕರೆಯುವ ತೆಳ್ಳನೆಯ ಆಸಾಮಿ. ಕೊನೆಯಲ್ಲಿ ಲಿಸಾಂದ್ರೊ, ಹೆಗಲ ಮೇಲೆ ವೈನಿನ ದೊಡ್ಡ ಜಾಡಿ ಹೊತ್ತುಕೊಂಡು. ವಾರದ ಐದು ದಿನ ಬೇರೆ ಕಡೆ ದುಡಿದು, ಮಿಕ್ಕ ಎರಡು ದಿನ ಈ ಮನೆಗೆ ಬಂದವರು ಇವರು. ಕೊನೆಯ ಕತ್ತರಿಗೆಂದು ಗುರುವಾರ ಒಂದು ದಿನದ ಕೂಲಿಯನ್ನೂ ಬಿಟ್ಟಿದ್ದರು. ಇಂದು ಮೂವರ ಕೂದಲೂ ನೀರು ಹಚ್ಚಿ ಬಾಚಿದ್ದವು; ಇಸ್ತ್ರಿ ಮಾಡಿದ ಅಂಗಿಗಳು.

"ದೋನ್ಯಾ ಎಲ್ಸಿರಾ, ಮಾಂಸ ಎಲ್ಲಿ? ನಾನು ನಿನ್ನೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದ ಒನೋಫ್ರೆ.

"ನೀನು ತಿಂದ್ರೂ ಕಾಣಲ್ಲ, ತಿನ್ನದಿದ್ರೂ ಕಾಣಲ್ಲ ಬಿಡೋ ಕಡ್ಡಿ," ಎಂದಳು ಎಲ್ಸಿರಾ.

"ನೋಡಿ ಮೇಸ್ತ್ರಿ, ಯಜಮಾನಿ ಬಾಯಿ ಶುರುವಾಯ್ತು. ಊಟಕ್ಕೆ ಕರೆದು ಅವಮಾನ."

ಅಂಗಳದಲ್ಲಿ ಉದ್ದಕ್ಕೆ ಸೀಳಿದ ಡ್ರಮ್ಮಿನ ಒಲೆ ಕಾಯುತ್ತಿತ್ತು, ಪಕ್ಕದಲ್ಲಿ ಎಸ್ಪಿನೊ ಜಾಲಿಯ ಇದ್ದಿಲಿನ ಚೀಲ. ರೊಸಾಮೆಲ್ ಒಲೆಯ ಹತ್ತಿರ ಹೋಗಿ ನಿಂತ, ಆದರೆ ಬೆಂಕಿ ಹಚ್ಚಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದ. ಎಲ್ಸಿರಾಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಬೆಂಕಿ ಒಬ್ಬನದು, ಅವನಿರುವಾಗ ಇನ್ನೊಬ್ಬರು ಕೆಂಡ ಕೆದಕುವುದೂ ತಪ್ಪು. ಈ ತಂಡ ಎತ್ತಿದ ಪ್ರತಿ ಮನೆಯಲ್ಲೂ ಬೆಂಕಿ ಬೆಲಾರ್ಮಿನೊನದಾಗಿತ್ತು. ಅವಳು ಒಳಗೆ ಹೋಗಿ ಬಟ್ಟೆ ಸುತ್ತಿಟ್ಟಿದ್ದ ಉದ್ದನೆಯ ಇಕ್ಕಳವನ್ನು ತಂದಳು. ಅದಕ್ಕೆ ಅವನೇ ಪೇರಳೆ ಮರದ ಹಿಡಿ ಕೂಡಿಸಿದ್ದ; ಹೆಬ್ಬೆರಳು ಕೂರುವ ಜಾಗ ಸವೆದು ನುಣುಪಾಗಿತ್ತು.

"ತಗೋ ಕೊಂಪಾದ್ರೆ."

ರೊಸಾಮೆಲ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ಅವನಷ್ಟು ಚೆನ್ನಾಗಿ ಬರಲ್ಲ ಕೊಮಾದ್ರೆ."

"ಅವನೂ ಮೊದಮೊದಲು ಸೀಕಲು ಮಾಡ್ತಿದ್ದ. ಹಚ್ಚು."

ಮಧ್ಯಾಹ್ನದ ಹೊತ್ತಿಗೆ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುವ ವಾಸನೆ ಮನೆಯ ಚೌಕಟ್ಟಿನ ತುಂಬ ಹರಡಿತು. ಮೊದಲು ಸಾಸೇಜು, ಬ್ರೆಡ್ಡಿನ ನಡುವೆ ಇಟ್ಟು ಪೆಬ್ರೆ ಚಟ್ನಿ ಹಾಕಿಕೊಂಡು ನಿಂತಲ್ಲೇ ತಿಂದರು. ಆಮೇಲೆ ಕಲ್ಲುಪ್ಪು ಹಚ್ಚಿದ ದೊಡ್ಡ ಪಕ್ಕೆಲುಬುಗಳು. ಮರ ಕೊಯ್ಯಲು ಇಡುವ ಎರಡು ಸ್ಟ್ಯಾಂಡುಗಳ ಮೇಲೆ ಹಲಗೆ ಹಾಸಿ ಮಾಡಿದ ಮೇಜನ್ನು ನೆರಳಿಗೆಂದು ಅಡುಗೆಮನೆಯ ಚೌಕಟ್ಟಿನೊಳಗೇ ಇಟ್ಟಿದ್ದರು. ಆದರೆ ಮೇಲೆ ಹೊದಿಕೆಯಿಲ್ಲದೆ ನೆರಳೂ ಇರಲಿಲ್ಲ. ಕತ್ತರಿ ಮರಗಳ ಉದ್ದನೆಯ ಪಟ್ಟೆಗಳು ಮಾತ್ರ ಎಲ್ಲರ ಮೈಮೇಲೆ ಬಿದ್ದಿದ್ದವು.

ಲಿಸಾಂದ್ರೊ ಲೋಟಗಳಿಗೆ ವೈನು ಸುರಿದ. ತನ್ನದಕ್ಕೆ ಉಳಿದವರಿಗಿಂತ ಬೇಗ ಬೇಗ ಸುರಿದುಕೊಳ್ಳುತ್ತಿದ್ದ.

"ಬೆಂಕಿ ಹಿಡಿದವನಿಗೆ ಚಪ್ಪಾಳೆ," ಎಂದು ಒನೋಫ್ರೆ ಪದ್ಧತಿಯಂತೆ ಕೂಗಿದ. ಎಲ್ಲರೂ ತಟ್ಟಿದರು. ರೊಸಾಮೆಲ್ ತಲೆಬಾಗಲಿಲ್ಲ. ಇಕ್ಕಳವನ್ನು ಮೇಲೆತ್ತಿ ನೆತ್ತಿಯ ಟೊಂಗೆಯ ಕಡೆ ತೋರಿಸಿದ. ಚಪ್ಪಾಳೆ ಒಂದೊಂದಾಗಿ ನಿಂತಿತು. ನೋಲ್ಫಾ ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಮೂಗೊರೆಸಿಕೊಂಡಳು.

ಎಲ್ಸಿರಾ ಕೂಡ ಅವನ ಇಕ್ಕಳ ತೋರಿಸಿದ ಕಡೆ ತಲೆಯೆತ್ತಿದ್ದಳು. ಟೊಂಗೆಯಿಂದ ಕಣ್ಣು ಕೆಳಗಿಳಿಯುವಾಗ ಅವಳಿಗೆ ಅದು ಕಂಡಿತು. ಬಾಗಿಲ ಕಡೆಯಿಂದ ನಾಲ್ಕನೆಯ ಕತ್ತರಿ. ಅದರ ಒಂದು ಕಾಲು ಕೆಳಗೆ ಗೋಡೆಯ ದಿಂಡಿಗೆ ಸೇರುವಲ್ಲಿ ಒಂದು ತುಂಡು ಮರ ಕೂಡಿಸಿತ್ತು. ಎರಡೂ ಪಕ್ಕಕ್ಕೆ ಪಟ್ಟಿ ಹೊಡೆದು ಬಿಗಿದಿತ್ತು. ಮಿಕ್ಕ ಎಂಟರಲ್ಲಿ ಎಲ್ಲೂ ಇಂಥದ್ದಿರಲಿಲ್ಲ. ಮೂವತ್ತೊಂದು ವರ್ಷ ಬಡಗಿಯ ಬಟ್ಟೆಯಿಂದ ಮರದ ಹೊಟ್ಟು ಕೊಡವಿದವಳಿಗೆ ಅಷ್ಟು ಕಾಣದೆ ಇರುತ್ತದೆಯೇ? ಆ ಕತ್ತರಿಗಳನ್ನೆಲ್ಲ ಬೆಲಾರ್ಮಿನೊ ಏಪ್ರಿಲ್ ತಿಂಗಳಲ್ಲೇ ಶೆಡ್ಡಿನಲ್ಲಿ ಕೊಯ್ದು ಜೋಡಿಸಿ ಗುರುತು ಹಾಕಿಟ್ಟಿದ್ದ. ಗೋಡೆಯ ಚೌಕಟ್ಟು ಎದ್ದ ಮೇಲೆ ತಂಡದವರು ಅವನ್ನು ಏರಿಸಿದ್ದಷ್ಟೆ.

"ಅದು ಯಾರ ಕೆಲಸ?" ಎಂದು ಕೇಳಿದಳು. "ಆ ತೇಪೆ. ಕಡ್ಡಿ, ನಿಂದಾ?"

ಒನೋಫ್ರೆ ಮೇಲೆ ನೋಡಿದ, ರೊಸಾಮೆಲ್ ಕಡೆ ನೋಡಿದ, ತಟ್ಟೆ ನೋಡಿದ. "ನಂದೇ ದೋನ್ಯಾ. ಏರಿಸುವಾಗ ಕೈ ಜಾರಿ ತುದಿ ಮುರೀತು."

"ಮರ ಒಂದ್ಸಲ ಗಿಡ್ಡ ಆದ್ರೆ ಕೂತು ಅತ್ತರೂ ಉದ್ದ ಆಗಲ್ಲ ಅಂತ ನಿನ್ನ ಮೇಸ್ತ್ರಿ ಎಷ್ಟು ಸಲ ಬೈದಿದ್ದ ನಿನಗೆ?"

"ಲೆಕ್ಕ ಇಟ್ಟಿಲ್ಲ."

"ಸೋಮವಾರ ಅದನ್ನ ತೆಗೆದು ಹೊಸದು ಹಾಕ್ತೀವಿ ಕೊಮಾದ್ರೆ," ಎಂದ ರೊಸಾಮೆಲ್ ಅವಸರವಾಗಿ. "ಮರ ತಂದಿಟ್ಟಿದೀನಿ. ತಗಡು ಹೊದಿಸೋ ಮುಂಚೆ ಆಗಿಬಿಡುತ್ತೆ. ಮಾಂಸ ಹಾಕ್ಕೊಳ್ಳಿ, ತಣ್ಣಗಾಗುತ್ತೆ."

ಹಬ್ಬದ ಊಟದಲ್ಲಿ ತಾನೇ ತಪ್ಪು ಹುಡುಕಿ ಎಲ್ಲರ ಮುಖ ಸಣ್ಣದು ಮಾಡಿದೆನಲ್ಲ ಎಂದು ಎಲ್ಸಿರಾಗೆ ಪಿಚ್ಚೆನಿಸಿತು. ಬೆಲಾರ್ಮಿನೊ ಇದ್ದಿದ್ದರೆ ಬೊಂಬೆಯ ಕತೆ ತೆಗೆದು ಎಲ್ಲರನ್ನೂ ನಗಿಸುತ್ತಿದ್ದ. ಯಜಮಾನಿ ತಾನಲ್ಲವೇ ಇಂದು? ಅವಳೂ ಒಂದು ಕತೆ ತೆಗೆದಳು.

"ಅಕ್ಕ, ನಿನಗೆ ಇವರ ಮೊಳೆ ಕತೆ ಹೇಳಿದೀನಾ? ಏಪ್ರಿಲ್‌ನಲ್ಲಿ, ಈಸ್ಟರ್ ಆದ ವಾರ. ನಮ್ಮವನೂ ಈ ರೊಸಾಮೆಲ್ಲೂ ಬೆಳಿಗ್ಗೆ ಆರಕ್ಕೇ ಎದ್ದು ಒಳ್ಳೇ ಅಂಗಿ ಹಾಕ್ಕೊಂಡು ತಾಲ್ಕಾಕ್ಕೆ ಹೊರಟ್ರು. ಯಾಕಪ್ಪಾ ಅಂದ್ರೆ ಮೊಳೆ ತರೋದಕ್ಕೆ. ಇಡೀ ದಿನ ಹೋಯ್ತು. ರಾತ್ರಿ ಊಟದ ಹೊತ್ತಿಗೆ ಬಂದ್ರು. ಕೈಯಲ್ಲಿ ಏನಿತ್ತು ಹೇಳು? ಒಂದು ಪೊಟ್ಟಣ ಕೇಕು. ಮೊಳೆ ಎಲ್ಲಿ ಅಂದ್ರೆ ಇಬ್ರೂ ಒಬ್ಬರ ಮುಖ ಒಬ್ರು ನೋಡ್ಕೊಂಡ್ರು. ಮರೆತೇ ಬಿಟ್ವಿ ಅಂತ ಹೇಳ್ತಾರೆ ಅಕ್ಕ, ಇಬ್ರು ಬಡಗಿಗಳು, ಮೊಳೆ ತರೋಕೆ ಹೋದವರು. ನಾನು ಒಂದು ತಿಂಗಳು ಆಡಿಸಿದೀನಿ ಅವನ್ನ. ಎಲ್ಲಿಗೆ ಹೊರಟ್ರೂ 'ಮೊಳೆಗಾ?' ಅಂತಿದ್ದೆ. ಅವತ್ತು ರಾತ್ರಿ ಹಳೇ ಡಬ್ಬಿ ತೆಗೆದು ನಾವಿಬ್ರೂ ಕೂತು ಸೊಟ್ಟ ಮೊಳೆಗಳನ್ನೆಲ್ಲ ನೆಟ್ಟಗೆ ಮಾಡಿದ್ವಿ. ನಾನು ನಕ್ಕೂ ನಕ್ಕೂ..."

ನೋಲ್ಫಾ ಒಬ್ಬಳೇ ನಗುತ್ತಿದ್ದಳು. ಅವಳೂ ನಿಲ್ಲಿಸಿದಳು.

ಒನೋಫ್ರೆ ಬ್ರೆಡ್ಡನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದ. ರೊಸಾಮೆಲ್ ಒಲೆಯ ಕಡೆ ತಿರುಗಿಬಿಟ್ಟಿದ್ದ. ಎಲ್ಸಿರಾ ಒಬ್ಬೊಬ್ಬರನ್ನೇ ನೋಡಿದಳು. ಇವರಿಗೆ ಈ ಕತೆ ಗೊತ್ತು. ಗೊತ್ತಿರುವ ಕತೆಗೂ ನಗುವವರು ಇವರು. ಬೊಂಬೆಯ ಕತೆಗೆ ಇಪ್ಪತ್ತು ವರ್ಷ ನಕ್ಕಿಲ್ಲವೇ?

"ಮೊಳೆಗಲ್ಲ ದೋನ್ಯಾ ಎಲ್ಸಿರಾ," ಎಂದ ಲಿಸಾಂದ್ರೊ. ಲೋಟಕ್ಕೆ ಹೇಳಿದ ಹಾಗೆ ಹೇಳಿದ.

"ಲಿಸಾಂದ್ರೊ, ಬಾಯ್ಮುಚ್ಚು," ಎಂದ ರೊಸಾಮೆಲ್, ತಿರುಗದೆ.

"ಇಲ್ಲ ಮೇಸ್ತ್ರಿ. ಅವರ ಮನೇಲಿ ಕೂತು ಅವರ ಮಾಂಸ ತಿಂತಾ ಇದೀವಿ. ನನಗೆ ಗಂಟಲಲ್ಲಿ ಇಳೀತಿಲ್ಲ."

"ಎಲ್ಲಿಗೆ ಹೋಗಿದ್ರಿ?" ಎಲ್ಸಿರಾಳ ದನಿ ಏರಲಿಲ್ಲ. "ರೊಸಾಮೆಲ್. ನಿನ್ನನ್ನ ಕೇಳ್ತಿರೋದು."

ರೊಸಾಮೆಲ್ ಇಕ್ಕಳವನ್ನು ಡ್ರಮ್ಮಿನ ಅಂಚಿಗೆ ಒರಗಿಸಿ ಬಂದು ಅವಳ ಎದುರು ಕೂತ. ತನ್ನ ಅಂಗೈಗಳನ್ನು ನೋಡಿಕೊಂಡ.

"ಆಸ್ಪತ್ರೆಗೆ," ಎಂದ. "ಅದಕ್ಕೂ ಮುಂಚೆ ಒಂದ್ಸಲ ಹೋಗಿದ್ವಿ. ಅವತ್ತು ರಿಪೋರ್ಟು ಕೊಡ್ತೀವಿ ಅಂದಿದ್ರು. ಶ್ವಾಸಕೋಶದ್ದು. ಸಾಂತಿಯಾಗೊಗೆ ಹೋಗಿ ಚಿಕಿತ್ಸೆ ತಗೊಂಡ್ರೆ ಒಂದು ವರ್ಷ ಇರಬಹುದು, ಹೆಚ್ಚೂ ಇರಬಹುದು ಅಂದ್ರು ಡಾಕ್ಟರು. ವಾಪಸ್ ಬರುವಾಗ ಬಸ್ಸಲ್ಲಿ ಆ ಕೇಕಿನ ಪೊಟ್ಟಣ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಇಳಿಯೋ ಹೊತ್ತಿಗೆ ಹೇಳಿದ, ಮುದುಕಿಗೆ ಹೇಳಿದ್ರೆ ನಾಳೇನೇ ಮರ ಮಾರ್ತಾಳೆ, ಜಾಗ ಮಾರ್ತಾಳೆ, ನನ್ನನ್ನ ಎಳ್ಕೊಂಡು ಹೋಗ್ತಾಳೆ, ಮತ್ತೆ ಬೇರೆಯವರ ಸೂರಿನಡಿ ಸಾಯ್ತಾಳೆ ಅಂತ. ನನ್ನ ಮಗಳ ಮೇಲೆ ಆಣೆ ಹಾಕಿಸ್ಕೊಂಡ ಕೊಮಾದ್ರೆ. ನೀವು ಎತ್ತಿಕೊಂಡ ಮಗಳ ಮೇಲೆ."

"ನನಗೆ ಜುಲೈನಲ್ಲಿ ಹೇಳಿದ. ಕೆಮ್ಮು ಅಂತ."

"ಗೊತ್ತು."

"ನಿಮಗೆಲ್ಲ ಗೊತ್ತಿತ್ತು."

ಒನೋಫ್ರೆ ಬ್ರೆಡ್ಡಿನ ಚೂರುಗಳನ್ನು ತಟ್ಟೆಯ ಅಂಚಿಗೆ ಸರಿಸಿದ.

"ಆ ತೇಪೇನೂ ಕಡ್ಡೀದಲ್ಲ," ಎಂದ ಲಿಸಾಂದ್ರೊ. ಅವನ ಕಣ್ಣು ಕೆಂಪಗಾಗಿತ್ತು. "ಬೆಲಾರ್ಮಿನೊ ಮೇಸ್ತ್ರೀದು. ತಾಲ್ಕಾದಿಂದ ಬಂದ ಮಾರನೇ ದಿನ ಕೊಯ್ದಿದ್ದು. ನಾಲ್ಕು ಬೆರಳು ಗಿಡ್ಡ ಕೊಯ್ದುಬಿಟ್ಟ. ಅವನು, ದೋನ್ಯಾ. ನಾವು ಬೇರೆ ಮರ ತಗೊಳ್ಳಿ ಅಂದ್ವಿ. ಬೇಡ ಅಂದ. ಯಾರನ್ನೂ ಮುಟ್ಟಗೊಡಲಿಲ್ಲ. ಒಂದಿಡೀ ಮಧ್ಯಾಹ್ನ ಕೂತು ತಾನೇ ಕೂಡಿಸಿದ."

ನೋಲ್ಫಾ ತಂಗಿಯ ಬೆನ್ನ ಮೇಲೆ ಕೈಯಿಟ್ಟಳು. ಎಲ್ಸಿರಾ ಆ ಕೈಯನ್ನು ಮೆಲ್ಲಗೆ ಸರಿಸಿ ಎದ್ದಳು.

ಏಣಿ ನಾಲ್ಕನೆಯ ಕತ್ತರಿಯ ಹತ್ತಿರವೇ ಕಂಬಕ್ಕೆ ಒರಗಿತ್ತು. ಅವಳು ಚಪ್ಪಲಿ ಕಳಚಿ ಹತ್ತತೊಡಗಿದಳು. "ಎಲ್ಸಿ, ಹುಚ್ಚೇನೇ ನಿನಗೆ?" ಎಂದು ನೋಲ್ಫಾ ಕೂಗಿದ್ದು ಕೇಳಿತು. ರೊಸಾಮೆಲ್ ಬಂದು ಏಣಿಯ ಕಾಲು ಹಿಡಿದುಕೊಂಡ.

ಹತ್ತಿರದಿಂದ ನೋಡಿದರೆ ತೇಪೆ ಗಟ್ಟಿಯಾಗಿಯೇ ಇತ್ತು. ಮರಕ್ಕೆ ಮರ ಕೂತಿತ್ತು, ನಡುವೆ ಉಗುರು ತೂರುವಷ್ಟೂ ಸಂದಿಲ್ಲ. ಪಕ್ಕದ ಪಟ್ಟಿಯ ಮೇಲೆ ಅವನ ಪೆನ್ಸಿಲಿನ ಗುರುತು. ಮೊದಲು ಒಂದು ಅಂಕಿ, ಅದರ ಮೇಲೆ ಅಡ್ಡಗೆರೆ, ಅದರ ಕೆಳಗೆ ಇನ್ನೊಂದು ಅಂಕಿ. ಅವನ ನಾಲ್ಕು ಯಾವಾಗಲೂ ಕುರ್ಚಿಯಂತೆ ನೆಟ್ಟಗಿರುತ್ತಿತ್ತು. ಈ ನಾಲ್ಕಿನ ಕಾಲು ಅದುರಿತ್ತು.

ಆಮೇಲೆ ಅವಳ ಕಣ್ಣು ಮೊಳೆಗಳ ಮೇಲೆ ಬಿತ್ತು. ಏಳು ಮೊಳೆ. ತುಕ್ಕು ಹಿಡಿದ, ತಲೆ ಚಪ್ಪಟೆಯಾದ ಹಳೇ ಮೊಳೆಗಳು. ಎರಡು ಹೊಡೆಯುವಾಗ ಮತ್ತೆ ಸೊಟ್ಟಗಾಗಿ ಮರದ ಮೇಲೇ ಮಲಗಿದ್ದವು. ಅವಳು ಬೆರಳಿನಿಂದ ಮುಟ್ಟಿದಳು. ಆ ರಾತ್ರಿಯ ಮೊಳೆಗಳು. ದೀಪದ ಕೆಳಗೆ ಕೂತು, ಕಲ್ಲಿನ ಮೇಲಿಟ್ಟು ಅವಳೇ ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡಿ, ಒಂದೊಂದಾಗಿ ಅವನ ಅಂಗೈಗೆ ಹಾಕಿದ್ದವು. ಅವಳು ನಗುತ್ತಿದ್ದಳು. ಅವನೂ ನಕ್ಕಿದ್ದ. ಆ ನಗುವಿನಲ್ಲಿ ಏನಾದರೂ ಇತ್ತೇ ಎಂದು ಈಗ ನೆನಪಿಸಿಕೊಳ್ಳಲು ನೋಡಿದಳು. ಏನೂ ಸಿಗಲಿಲ್ಲ. ಕೇಕಿನ ಚೂರು ಅವನ ಮೀಸೆಗೆ ಅಂಟಿದ್ದಷ್ಟೇ ನೆನಪಿಗೆ ಬಂತು.

ಒಂದು ವರ್ಷ ಎಂದಿದ್ದರಂತೆ. ಹೆಚ್ಚೂ ಇರಬಹುದು ಎಂದಿದ್ದರಂತೆ. ಅವನು ಹೇಳಿದ್ದು ನಿಜ. ಅವಳು ಮರವನ್ನು ಮಾರುತ್ತಿದ್ದಳು. ಈ ಒಂಬತ್ತು ಕತ್ತರಿಗಳನ್ನು ಮಾರಿ, ಜಾಗ ಮಾರಿ, ಹೊಲಿಗೆ ಮೆಷಿನ್ನೂ ಮಾರಿ, ಯಾವುದೋ ಆಸ್ಪತ್ರೆಯ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಆ ಒಂದು ವರ್ಷವನ್ನು ದಿನ ದಿನವಾಗಿ ಎಣಿಸಿ ಅನುಭವಿಸುತ್ತಿದ್ದಳು. ಅದು ಅವಳ ವರ್ಷವೂ ಆಗಿತ್ತು. ಅವಳನ್ನು ಒಂದು ಮಾತೂ ಕೇಳದೆ ಅವನು ಅದನ್ನು ಕೊಯ್ದು, ಜೋಡಿಸಿ, ಗೋಡೆಯ ಮೇಲೆ ಏರಿಸುವ ಹಾಗೆ ಮಾಡಿಟ್ಟು ಹೋಗಿದ್ದ. ಜೀವಮಾನವೆಲ್ಲ ಅವಳು ಕೇಳಿದ್ದು ಮನೆ. ಕೊನೆಗೆ ಅವನು ಕೊಟ್ಟಿದ್ದೂ ಮನೆಯೇ. ಆದರೆ ಏಪ್ರಿಲ್‌ನಲ್ಲಿ ಅವಳನ್ನು ಕೇಳಿದ್ದಿದ್ದರೆ ಮನೆ ಬೇಡವೆನ್ನುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಎದೆಯೊಳಗೆ ಎದ್ದದ್ದು ಅಳುವಲ್ಲ. ಹನ್ನೊಂದು ವಾರದಲ್ಲಿ ಅಳಬೇಕಾದ್ದೆಲ್ಲ ಅತ್ತಾಗಿತ್ತು. ಇದು ಸಿಟ್ಟು, ಬಿಸಿ ಬಿಸಿಯಾದ ಹಳೆಯ ಪರಿಚಯದ ಸಿಟ್ಟು. ಅವನು ಸಂಜೆ ತಡವಾಗಿ ಬಂದಾಗ, ಇನ್ನೊಬ್ಬರ ಮನೆಯ ಬಾಗಿಲಿನ ಅಂದ ಹೊಗಳಿಕೊಂಡಾಗ ಬರುತ್ತಿದ್ದ ಸಿಟ್ಟು. ಇಷ್ಟು ದಿನ ಅದು ಎಲ್ಲಿ ಅಡಗಿತ್ತೋ. ಏಣಿಯ ಮೇಲೆ ನಿಂತು ಅವಳು ಪಟ್ಟಿಯನ್ನು ಅಂಗೈಯಿಂದ ಒಮ್ಮೆ ಬಲವಾಗಿ ಹೊಡೆದಳು. ಮರ ಅಲ್ಲಾಡಲಿಲ್ಲ.

"ಕೊಮಾದ್ರೆ," ಎಂದ ಕೆಳಗಿನಿಂದ ರೊಸಾಮೆಲ್. "ಇಳೀರಿ."

ಇಳಿದಳು. ಅವನು ಅವಳ ಮುಖ ನೋಡಲಾರದೆ ಏಣಿಯನ್ನೇ ನೋಡುತ್ತಿದ್ದ. "ನನ್ನನ್ನ ಬೈದುಬಿಡಿ," ಎಂದ.

"ನಿನ್ನನ್ನ ಬೈದು ಏನು ಮಾಡ್ಲಿ? ನೀನು ಆಣೆ ಉಳಿಸ್ಕೊಂಡೆ." ಚಪ್ಪಲಿ ಮೆಟ್ಟಿಕೊಂಡಳು. "ಪಕ್ಕೆಲುಬು ಸೀಯ್ತಾ ಇದೆ, ವಾಸನೆ ಬರ್ತಿಲ್ವಾ? ಬೆಂಕಿ ಬಿಟ್ಟು ಬರೋ ಆಸಾಮೀನ ಇವತ್ತೇ ನೋಡಿದ್ದು."

ಅವನು ಓಡಿದ. ಒನೋಫ್ರೆ ಬ್ರೆಡ್ಡಿನ ಚೂರು ಬಿಟ್ಟು ತಲೆಯೆತ್ತಿ, "ಚಪ್ಪಾಳೆ ವಾಪಸ್ ತಗೊಂಡ್ವಿ ಮೇಸ್ತ್ರಿ," ಎಂದ. ಯಾರೋ ಸಣ್ಣಗೆ ನಕ್ಕರು. ಎಲ್ಸಿರಾ ಎಲ್ಲರ ತಟ್ಟೆಗೂ ಈರುಳ್ಳಿ ಟೊಮೆಟೊ ಬಡಿಸಿದಳು. ಲಿಸಾಂದ್ರೊನ ತಟ್ಟೆಗೆ ಬಡಿಸುವಾಗ ಅವನ ಲೋಟವನ್ನು ತೆಗೆದು ನೀರು ತುಂಬಿ ಇಟ್ಟಳು. ಅವನು ಅದನ್ನೇ ಕುಡಿದ.

ಹೊತ್ತು ಇಳಿಯುವ ತನಕ ಅವರಿದ್ದರು. ಬೊಂಬೆಯ ಕತೆಯನ್ನು ಒನೋಫ್ರೆ ಹೇಳಿದ. ಅವನ ಬಾಯಲ್ಲಿ ಬೊಂಬೆ ಸಾಕಷ್ಟು ದಪ್ಪವಾಗಲಿಲ್ಲ. ಹೊರಡುವ ಮುಂಚೆ ಅವನೇ ಮೇಲೆ ಹತ್ತಿ ಟೊಂಗೆ ಬಾವುಟಗಳನ್ನು ಬಿಚ್ಚಿ ತಂದು ಎಲ್ಸಿರಾಳ ಕೈಗಿಟ್ಟ. ಊಟ ಆಯಿತು, ಇನ್ನು ಮನೆ ಯಜಮಾನರದು ಎಂದು ಅದರ ಅರ್ಥ. ರೊಸಾಮೆಲ್ ಇಕ್ಕಳವನ್ನು ಒರೆಸಿ ಅದೇ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ.

"ಸೋಮವಾರ ಬೆಳಿಗ್ಗೇನೇ ಬಂದು ಆ ಕತ್ತರಿ ಬದಲಾಯಿಸಿಬಿಡ್ತೀನಿ ಕೊಮಾದ್ರೆ. ನಿಮ್ಮ ಕಣ್ಣಿಗೆ ಬೀಳದ ಹಾಗೆ."

"ಸೋಮವಾರ ಬಾ. ನೋಡೋಣ."

ಅವರು ಇಳಿಜಾರಿನಲ್ಲಿ ಮರೆಯಾದ ಮೇಲೆ ಅಕ್ಕತಂಗಿಯರು ತಟ್ಟೆಗಳನ್ನು ಒಟ್ಟುಮಾಡಿದರು. ಕೆಂಡ ಬೂದಿಯಾಗುತ್ತಿತ್ತು. ನದಿಯ ಮೇಲೆ ಬೆಳಕು ತೆಳ್ಳಗಾಗಿತ್ತು.

"ಎಲ್ಸಿ," ಎಂದಳು ನೋಲ್ಫಾ ತುಂಬ ಮೆತ್ತಗೆ. "ಇಷ್ಟೆಲ್ಲ ಆದ ಮೇಲೆ ಇಲ್ಲಿ ಹೇಗಿರ್ತೀಯೇ? ತಲೆ ಎತ್ತಿದ್ರೆ ಅದೇ ಕಾಣುತ್ತೆ. ಬಾ ನನ್ನ ಜೊತೆ. ನಾಳೆ ಅವರಿಗೆ ಹೂಂ ಅಂದುಬಿಡ್ಲಾ?"

"ಪಾತ್ರೆ ಆಗಲಿ ಅಕ್ಕ. ಕೊಬ್ಬು ಗಟ್ಟಿಯಾದ್ರೆ ಬಿಡಲ್ಲ."

ನೋಲ್ಫಾ ನಿಟ್ಟುಸಿರು ಬಿಟ್ಟು ನಲ್ಲಿಯ ಹತ್ತಿರ ಬಕೆಟ್ಟು ಒಯ್ದಳು.

ಎಲ್ಸಿರಾ ಬಟ್ಟಲಿನ ತಳದಲ್ಲಿ ಉಳಿದಿದ್ದ ಈರುಳ್ಳಿಯನ್ನು ಬೆರಳಿನಿಂದ ತೆಗೆದು ತಿಂದಳು. ಖಾರ ಪೂರ್ತಿ ಇಳಿದಿತ್ತು. ತಾಲ್ಕಾದ ಆ ಹಿಂದಿನ ರೂಮನ್ನು ನೆನೆದಳು. ಹೊಸ ಸುಣ್ಣ, ಕಿಟಕಿ, ಕಿಟಕಿಯ ಹತ್ತಿರ ಮೆಷಿನ್ನು. ತೆಳು ಗೋಡೆಯಾಚೆ ಅಕ್ಕ, ಅಕ್ಕನ ಪ್ರಾರ್ಥನೆ, ಅಕ್ಕನ ರೇಡಿಯೊ. ಅಲ್ಲಿ ಅವಳು ದನಿಯೆತ್ತಿ ಸತ್ತವನೊಬ್ಬನ ಜೊತೆ ಜಗಳವಾಡಲು ಆಗುವುದಿಲ್ಲ. ಆಡಿದರೆ ನೋಲ್ಫಾ ಪಾದ್ರಿಯನ್ನು ಕರೆಸುತ್ತಾಳೆ. ಆದರೆ ಆಡಬೇಕಾದ್ದು ಬೇಕಾದಷ್ಟಿತ್ತು. ಏಪ್ರಿಲ್‌ನಿಂದ ಶುರುಮಾಡಬೇಕು, ಆಮೇಲೆ ಕೊಟ್ಟಿಗೆಯ ಚಳಿಗಾಲ, ಆಮೇಲೆ ಅದಕ್ಕೂ ಹಿಂದಿನದು. ದಿನಕ್ಕೊಂದರಂತೆ ತೆಗೆದರೂ ವರ್ಷಕ್ಕೆ ಮುಗಿಯುವುದಿಲ್ಲ. ಒಂದು ವರ್ಷ, ಹೆಚ್ಚೂ ಇರಬಹುದು.

ತಲೆಯೆತ್ತಿ ನಾಲ್ಕನೆಯ ಕತ್ತರಿಯನ್ನು ನೋಡಿದಳು. ಒಲೆ ಇದರ ಕೆಳಗೇ ಬರುತ್ತದೆ. ಬೇರೆ ಕೋಣೆಗಳಿಗೆ ಬೇಕಾದರೆ ಒಳಚಾವಣಿಗೆ ಹಲಗೆ ಹೊಡೆಯಲಿ, ಅಡುಗೆಮನೆಗೆ ಬೇಡ. ಈರುಳ್ಳಿ ಹಿಂಡುತ್ತಾ ತಲೆಯೆತ್ತಿದರೆ ಏಳು ಮೊಳೆಗಳೂ ಕಾಣುವ ಹಾಗಿರಬೇಕು.

"ನೀರು ಬರ್ತಿದೆ, ತಗೊಂಡು ಬಾರೇ ತಟ್ಟೆಗಳನ್ನ," ಎಂದು ನೋಲ್ಫಾ ಕರೆದಳು.

"ಬಂದೆ," ಎಂದು ಎಲ್ಸಿರಾ ತಟ್ಟೆಗಳನ್ನು ಎದೆಗೊರಗಿಸಿಕೊಂಡು, ಬಾಗಿಲಿನ್ನೂ ಇಲ್ಲದ ಬಾಗಿಲಿನಿಂದ ಹೊರಗೆ ಹೋದಳು.